ಹಳೆ ಬೈಕಿನ ಪೊಲ್ಯೂಷನ್ ಸಾಮಾನು ಬಿಚ್ಚಿಸಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನನ್ನದು 2011ರ 150 ಸಿಸಿ ಬೈಕ್, ಕಾರ್ಬೊರೇಟರ್ ಗಾಡಿ. ಸೇಡಂ ಕಡೆಯಿಂದ ದಿನಾ ಕಲಬುರಗಿಗೆ ಹೋಗಿ ಬರುತ್ತೇನೆ. ಆರು ತಿಂಗಳಿಂದ ಎಕ್ಸಲೇಟರ್ ಬಿಟ್ಟ ಕೂಡಲೇ ಸೈಲೆನ್ಸರ್ ಪಟ್ ಪಟ್ ಅಂತ ಹೊಡೆಯುತ್ತದೆ. ಆವರೇಜ್ 50 ಇದ್ದದ್ದು 40ಕ್ಕೆ ಇಳಿದಿದೆ. 60 ದಾಟಿದರೆ ಎಳೆಯುವುದೇ ಇಲ್ಲ. ನಮ್ಮ ಮಿಸ್ತ್ರಿ, "ಏರ್ ಪೈಪ್ ಬಂದ್ ಮಾಡಿ, ಸೈಲೆನ್ಸರ್ ಒಳಗಿನ ಜಾಲಿ ಒಡ್ದು, ಬ್ರೀದರ್ ಪೈಪ್ ಹೊರಗ ಬಿಡ್ರಿ, ಗಾಡಿ ಫ್ರೀ ಆಗ್ತದ" ಅನ್ನುತ್ತಾರೆ. ಬೀದರಿನಲ್ಲಿರುವ ನಮ್ಮ ಕಾಕಾನ ಮಗನಿಗೆ ಅವನ 2018ರ ಗಾಡಿಯ ಕ್ಯಾನಿಸ್ಟರ್ ತೆಗೆಸು ಅಂತ ಯಾರೋ ಹೇಳಿದ್ದಾರಂತೆ. ನನ್ನ ಗಾಡಿಗೆ ಇನ್ನೇನು 15 ವರ್ಷ ತುಂಬುತ್ತದೆ. ಇವೆಲ್ಲ ತೆಗೆಸಿದರೆ ಆರ್‌ಸಿ ರಿನ್ಯೂವಲ್‌ಗೆ ತೊಂದರೆ ಆಗುತ್ತದಾ?

ಉತ್ತರ: ನಮಸ್ಕಾರ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮೂರರಲ್ಲಿ ಒಂದನ್ನೂ ತೆಗೆಸಬೇಡಿ. ನಿಮ್ಮ ಗಾಡಿಗೆ ತೊಂದರೆ ಇರುವುದು ಖರೆ. ಆದರೆ ನೀವು ಬರೆದಿರುವ ಮೂರು ಲಕ್ಷಣಗಳಿಗೂ ಬೇರೆ ಬೇರೆ ಕಾರಣ ಇರುವಂತೆ ಕಾಣುತ್ತದೆ. ಅವನ್ನು ಹುಡುಕಲು ಒಂದು ಭಾನುವಾರ ಸಾಕು.

ನಿಮ್ಮ ಮಿಸ್ತ್ರಿ ಸುಳ್ಳು ಹೇಳುತ್ತಿಲ್ಲ. ಏರ್ ಪೈಪ್ ಬಂದ್ ಮಾಡಿದರೆ ಪಟ್ ಪಟ್ ಸದ್ದು ನಿಲ್ಲುತ್ತದೆ. ನಾನೂ ಹಿಂದೆ ಹೀಗೇ ಮಾಡುತ್ತಿದ್ದೆ. ಪೈಪಿನೊಳಗೆ ಒಂದು ಬೇರಿಂಗ್ ಗುಂಡು ತುರುಕಿ ಕ್ಲಿಪ್ ಹಾಕಿದರೆ ಐದು ನಿಮಿಷದ ಕೆಲಸ. ಗಿರಾಕಿ ಖುಷಿಯಿಂದ ಹೋಗುತ್ತಿದ್ದರು. ಅವರಲ್ಲಿ ಕೆಲವರು ಒಂದು ಬೇಸಿಗೆ ಕಳೆದ ಮೇಲೆ ಸುಟ್ಟುಹೋದ ಎಕ್ಸಾಸ್ಟ್ ವಾಲ್ವ್ ಜೊತೆ ವಾಪಸ್ ಬಂದರು. ಸದ್ದು ನಿಂತಿತ್ತು, ಸದ್ದಿನ ಕಾರಣ ಒಳಗೇ ಉಳಿದಿತ್ತು. ಅಂದಿನಿಂದ ಆ ಗುಂಡು ತುರುಕುವುದನ್ನು ಬಿಟ್ಟೆ.

ಈ ಏರ್ ಪೈಪ್ ಏನು ಮಾಡುತ್ತದೆ ಅಂತ ತಿಳಿದರೆ ಉಳಿದದ್ದು ಸುಲಭ. ಮನೆಯ ಒಲೆ ನೆನಪಿಸಿಕೊಳ್ಳಿ. ಹಸಿ ಕಟ್ಟಿಗೆ ಹೊಗೆಯಾಡುವಾಗ ಅಮ್ಮ ಊದುಗೊಳವೆಯಿಂದ ಊದುತ್ತಾಳೆ. ಗಾಳಿ ತಾಗಿದ ಕೂಡಲೇ ಆ ಹೊಗೆಯೇ ಉರಿಯಾಗುತ್ತದೆ. ಇಲ್ಲೂ ಅಷ್ಟೇ. ಇಂಜಿನ್‌ನಿಂದ ಹೊರಬರುವ ಹೊಗೆಯಲ್ಲಿ ಪೂರ್ತಿ ಸುಡದ ಪೆಟ್ರೋಲ್ ಇರುತ್ತದೆ, ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಎಕ್ಸಾಸ್ಟ್ ವಾಲ್ವ್ ದಾಟಿದ ಜಾಗಕ್ಕೆ ಏರ್ ಫಿಲ್ಟರ್ ಡಬ್ಬಿಯಿಂದ ಸ್ವಲ್ಪ ಶುದ್ಧ ಗಾಳಿ ಬಿಟ್ಟರೆ ಅವು ಅಲ್ಲೇ ಉರಿದು ಹೋಗುತ್ತವೆ. ಇದಕ್ಕೆ ಪಂಪ್ ಇಲ್ಲ, ಮೋಟಾರ್ ಇಲ್ಲ. ಪ್ರತಿ ಸಲ ಹೊಗೆ ಹೊರಗೆ ನುಗ್ಗಿದಾಗ ಅದರ ಹಿಂದೆ ಒಂದು ಕ್ಷಣ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೇ ಗಾಳಿ ಒಳಗೆ ಬರುತ್ತದೆ. ಹೊಗೆ ವಾಪಸ್ ಹೋಗದ ಹಾಗೆ ನಡುವೆ ತೆಳುವಾದ ಉಕ್ಕಿನ ಎಲೆಯ ರೀಡ್ ವಾಲ್ವ್ ಇರುತ್ತದೆ.

ಗಮನಿಸಿ, ಈ ಗಾಳಿ ಸೇರುವುದು ಸಿಲಿಂಡರಿನ ಕೆಲಸ ಮುಗಿದ ಮೇಲೆ. ಪಿಸ್ಟನ್ ತಳ್ಳುವ ಉರಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಇದನ್ನು ಬಂದ್ ಮಾಡಿದರೆ ಪಿಕಪ್ ಜಾಸ್ತಿ ಆಗಲ್ಲ. ಆವರೇಜ್ ಕೂಡ ಏರಲ್ಲ. ಬಂದ್ ಮಾಡಿದ ದಿನ ಗಾಡಿ ಹಗುರಾದಂತೆ ಅನಿಸುವುದು ಸದ್ದು ನಿಂತ ಸಮಾಧಾನಕ್ಕೆ. ಅದೇ ದಿನ ಮಿಸ್ತ್ರಿ ಫಿಲ್ಟರ್ ತೊಳೆದು ಪ್ಲಗ್ ಬದಲಿಸಿರುತ್ತಾರಲ್ಲ, ಅದರ ಫಲವೂ ಇದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಾಗಾದರೆ ಪಟ್ ಪಟ್ ಯಾಕೆ? ಎಕ್ಸಲೇಟರ್ ಬಿಟ್ಟಾಗ ಇಂಜಿನ್ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಬರುವ ಗಾಳಿ-ಪೆಟ್ರೋಲ್ ಮಾತ್ರ ಬಹಳ ಕಡಿಮೆ. ಅದು ಸರಿಯಾಗಿ ಹೊತ್ತಿಕೊಳ್ಳದೆ ಹಾಗೇ ಸೈಲೆನ್ಸರ್‌ಗೆ ಹೋಗುತ್ತದೆ. ಅಲ್ಲಿ ಬಿಸಿ ಇದೆ. ಜೊತೆಗೆ ಗಾಳಿಯೂ ಸಿಕ್ಕಿದರೆ ಸಣ್ಣ ಪಟಾಕಿ ಹೊಡೆದ ಹಾಗೆ ಸಿಡಿಯುತ್ತದೆ. ಗಾಡಿ ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಏರ್ ಪೈಪಿನ ದಾರಿಯಲ್ಲಿ ಒಂದು ಕಂಟ್ರೋಲ್ ವಾಲ್ವ್ ಇಟ್ಟಿರುತ್ತಾರೆ. ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ಮ್ಯಾನಿಫೋಲ್ಡ್‌ನಿಂದ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪನೆಯ ಪೈಪ್ ಒಂದು ಅದಕ್ಕೆ ಬರುತ್ತದೆ. ಎಕ್ಸಲೇಟರ್ ಬಿಟ್ಟ ಕೂಡಲೇ ಆ ಪೈಪಿನಲ್ಲಿ ಎಳೆತ ಜಾಸ್ತಿಯಾಗಿ ವಾಲ್ವ್ ಮುಚ್ಚಿಕೊಳ್ಳುತ್ತದೆ, ಗಾಳಿ ನಿಲ್ಲುತ್ತದೆ, ಸಿಡಿತ ಆಗುವುದಿಲ್ಲ.

15 ವರ್ಷದ ರಬ್ಬರ್ ಪೈಪ್ ನಮ್ಮ ಮೇ ತಿಂಗಳ ಬಿಸಿಲಲ್ಲಿ ಏನಾಗುತ್ತದೆ ಹೇಳಿ. ಕಲಬುರಗಿಯಲ್ಲಿ 42, 43 ಡಿಗ್ರಿ ಹೊಸದಲ್ಲ. ನೆರಳಿಲ್ಲದ ಜಾಗದಲ್ಲಿ ನಿಂತ ಗಾಡಿಯ ಟ್ಯಾಂಕಿನ ಕೆಳಗೆ ಇನ್ನೂ ಜಾಸ್ತಿ. ಆ ಸಣ್ಣ ಪೈಪ್ ಗಟ್ಟಿಯಾಗುತ್ತದೆ, ತುದಿಯಲ್ಲಿ ಸೀಳುತ್ತದೆ. ಸೀಳಿದ ಮೇಲೆ ಎರಡು ಕೇಡು ಒಟ್ಟಿಗೆ ಆಗುತ್ತವೆ. ವಾಲ್ವ್ ಮುಚ್ಚುವುದಿಲ್ಲ, ಅದಕ್ಕೆ ಪಟ್ ಪಟ್. ಸೀಳಿನಿಂದ ಹೊರಗಿನ ಗಾಳಿ ನೇರ ಇಂಜಿನ್‌ಗೆ ಹೋಗುತ್ತದೆ, ಅದಕ್ಕೆ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ಅಂದರೆ ಇಂಜಿನ್ ಬಿಸಿ, ಎಳೆತ ಕಡಿಮೆ. ಆಗ ನಾವು ಎಕ್ಸಲೇಟರ್ ಜಾಸ್ತಿ ತಿರುಗಿಸುತ್ತೇವೆ, ಆವರೇಜ್ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡುವುದು ಈ ಸಣ್ಣ ಪೈಪನ್ನೇ. ಇದರ ಬೆಲೆ ಒಂದು ಊಟಕ್ಕಿಂತ ಕಡಿಮೆ.

ನೀವೇ ನೋಡಬಹುದು. ಗಾಡಿ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಬಿಡಿ. ಏರ್ ಫಿಲ್ಟರ್ ಡಬ್ಬಿಯಿಂದ ದಪ್ಪ ಏರ್ ಪೈಪಿನ ತುದಿ ಕಿತ್ತು ಅದಕ್ಕೆ ಹೆಬ್ಬೆರಳು ಅಡ್ಡ ಹಿಡಿಯಿರಿ. ಮೆಲ್ಲಗೆ ತಟ್ ತಟ್ ಅಂತ ಬೆರಳನ್ನು ಒಳಗೆ ಎಳೆಯಬೇಕು. ಬದಲಿಗೆ ಬಿಸಿ ಹೊಗೆ ಹೊರಗೆ ಊದಿದರೆ ರೀಡ್ ವಾಲ್ವ್ ಕೆಟ್ಟಿದೆ, ಅಥವಾ ಅದರ ಎಲೆಯ ಕೆಳಗೆ ಮಸಿ ಕೂತಿದೆ. ಆಗ ಆ ಬಿಸಿ ಹೊಗೆ ಫಿಲ್ಟರ್ ಡಬ್ಬಿಗೇ ಹೋಗುತ್ತಿರುತ್ತದೆ, ಇಂಜಿನ್ ತನ್ನ ಹೊಗೆಯನ್ನೇ ಉಸಿರಾಡುತ್ತಿರುತ್ತದೆ. ಎಷ್ಟೋ ಸಲ ಬಿಚ್ಚಿ ಕಾರ್ಬೊರೇಟರ್ ಕ್ಲೀನರ್ ಹಾಕಿ ಒರೆಸಿದರೆ ಸರಿಹೋಗುತ್ತದೆ. ಎಲೆ ಬಾಗಿದ್ದರೆ ಬದಲಿಸಿ. ಆಮೇಲೆ ಇಂಜಿನ್ ಆಫ್ ಮಾಡಿ, ಕಂಟ್ರೋಲ್ ವಾಲ್ವ್‌ಗೆ ಸಣ್ಣ ಪೈಪ್ ಸೇರುವ ಮೂತಿಯನ್ನು ಒರೆಸಿ, ಒಂದು ಹೊಸ ಪೈಪ್ ಹಾಕಿ ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಎಳೆತ ನಿಲ್ಲಬೇಕು. ಸೋರಿದರೆ ಒಳಗಿನ ರಬ್ಬರ್ ಪೊರೆ ಹರಿದಿದೆ ಅಂತ ಅರ್ಥ.

ಪೈಪ್, ವಾಲ್ವ್ ಎರಡೂ ಚೆನ್ನಾಗಿದ್ದರೆ ಸೈಲೆನ್ಸರ್ ಪ್ಯಾಕಿಂಗ್ ನೋಡಿ. ಬೆಂಡ್ ಪೈಪ್ ಇಂಜಿನ್ ಹೆಡ್‌ಗೆ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿ ಸೋರುತ್ತಿದೆ. ಅಲ್ಲಿಂದಲೂ ಗಾಳಿ ಒಳಗೆ ನುಗ್ಗಿ ಪಟ್ ಪಟ್ ಆಗುತ್ತದೆ. ಮ್ಯಾನಿಫೋಲ್ಡ್ ರಬ್ಬರನ್ನೂ ಬಾಗಿಸಿ ನೋಡಿ, ಸೀಳು ಬಾಗಿಸಿದಾಗಲೇ ಕಾಣುವುದು. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಸಾಮಾನಿನ ನಡುವಿನ ಸಣ್ಣ ಸಂದು. ಎಕ್ಸಾಸ್ಟ್ ಟ್ಯಾಪೆಟ್ ತೀರಾ ಟೈಟ್ ಆಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಉರಿ ಸೈಲೆನ್ಸರ್ ಕಡೆ ಜಾರುತ್ತದೆ. ಟ್ಯಾಪೆಟ್ ನೋಡುವಾಗ ಇಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು. ಬಿಸಿ ಇಂಜಿನ್ ಮೇಲೆ ಕಿವಿಗೆ ಕೇಳುವ ಸದ್ದಿನ ಲೆಕ್ಕದಲ್ಲಿ ಟ್ಯಾಪೆಟ್ ಕಟ್ಟುವುದು ನಮ್ಮ ಕಡೆ ತುಂಬಾ ಗ್ಯಾರೇಜುಗಳ ಅಭ್ಯಾಸ. ದಯವಿಟ್ಟು ಹಾಗೆ ಮಾಡಿಸಬೇಡಿ.

ಇನ್ನೊಂದು ಕಾರಣವನ್ನು ಈಗ ಮರೆಯುವ ಹಾಗಿಲ್ಲ. ಇವತ್ತು ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2011ರಲ್ಲಿ ನಿಮ್ಮ ಗಾಡಿಯ ಜೆಟ್‌ಗಳನ್ನು, ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತುಗಳನ್ನು, ಇದನ್ನು ನೋಡಿ ಕೂರಿಸಿದ್ದಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು. ಹೊಸ ಫ್ಯುಯಲ್ ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬೊರೇಟರ್‌ಗೆ ಕಣ್ಣಿಲ್ಲ, ಅದು ಹಳೆ ಅಳತೆಯಲ್ಲೇ ಸುರಿಯುತ್ತದೆ. ಫಲ ಅದೇ ತೆಳು ಮಿಶ್ರಣ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿಯೂ ಕಡಿಮೆ. ನಿಮ್ಮ ಆವರೇಜ್ ಇಳಿದದ್ದರಲ್ಲಿ ಸ್ವಲ್ಪ ಪಾಲು ಇದರದ್ದು. ಅದನ್ನು ಯಾವ ಸಾಮಾನು ಬಿಚ್ಚಿದರೂ ವಾಪಸ್ ತರಲು ಆಗಲ್ಲ. ಆದರೆ 10 ಕಿಲೋಮೀಟರ್ ಪೂರ್ತಿ ಇಳಿಯುವುದು ಇದೊಂದರಿಂದಲೇ ಅಲ್ಲ.

ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಅಳತೆ ಕೂರಿಸುವ ಪೈಲಟ್ ಸ್ಕ್ರೂ ಸರಿಪಡಿಸಲು ಒಂದು ಒಳ್ಳೆಯ ದಾರಿ ಇದೆ. ಪಿಯುಸಿ, ಅಂದರೆ ಹೊಗೆ ತಪಾಸಣೆಯ ಸೆಂಟರ್‌ಗೆ ನಿಮ್ಮ ಮಿಸ್ತ್ರಿಯನ್ನೂ ಕರೆದುಕೊಂಡು ಹೋಗಿ. ಜನ ಇಲ್ಲದ ಹೊತ್ತಿನಲ್ಲಿ ಹೋಗಿ, ಹೊಗೆ ಅಳೆಯುವ ಕೊಳವೆ ಸೈಲೆನ್ಸರ್‌ನಲ್ಲಿ ಇರುವಾಗಲೇ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಲು ಬಿಡಿ ಅಂತ ಕೇಳಿ. ಪರದೆಯ ಮೇಲೆ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಕಾಣುತ್ತದೆ, ಊಹೆಯ ಕೆಲಸ ಇಲ್ಲ. ಈ ಅಳತೆ ನಡೆಯುವಾಗ ಮಾತ್ರ ಏರ್ ಪೈಪನ್ನು ಕ್ಲಾಂಪ್ ಹಾಕಿ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಹೊರಗಿನ ಗಾಳಿ ಬೆರೆತು ಲೆಕ್ಕ ತಪ್ಪುತ್ತದೆ. ಮುಗಿದ ಕೂಡಲೇ ಕ್ಲಾಂಪ್ ತೆಗೆಯಿರಿ. ಏರ್ ಪೈಪ್ ಬಂದ್ ಮಾಡಲು ನಾನು ಒಪ್ಪುವುದು ಈ ಹತ್ತು ನಿಮಿಷಕ್ಕೆ ಮಾತ್ರ.

ಈಗ ಸೈಲೆನ್ಸರ್ ಒಳಗಿನ ಜಾಲಿಗೆ ಬರೋಣ. 60 ದಾಟಿದರೆ ಎಳೆಯುವುದಿಲ್ಲ ಅಂದಿರಲ್ಲ, ಅದರ ಗುಟ್ಟು ಇಲ್ಲಿ ಇರಬಹುದು. ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತಿರುವ ಲೋಹದ ಅಥವಾ ಪಿಂಗಾಣಿಯ ಗಟ್ಟಿ ಅದು. ಅದರ ಮೈಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳ ತೆಳು ಲೇಪ. 250–300 ಡಿಗ್ರಿ ಬಿಸಿ ಏರಿದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ವಿಷದ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಉಳಿದ ಪೆಟ್ರೋಲಿನ ಆವಿಯನ್ನು ಸುಟ್ಟು ನೀರಿನ ಆವಿ ಮಾಡುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ ತಂದುಕೊಡುವುದು ಅದೇ ಏರ್ ಪೈಪ್. ಎರಡೂ ಜೋಡಿ. ಒಂದನ್ನು ಬಂದ್ ಮಾಡಿದರೆ ಇನ್ನೊಂದು ಅರ್ಧ ಸತ್ತ ಹಾಗೆ. ಸೀಸ ತಾಗಿದರೆ ಈ ಲೇಪ ಪೂರ್ತಿ ಹಾಳಾಗುತ್ತದೆ. ನಮ್ಮ ದೇಶದಲ್ಲಿ 2000ದ ಫೆಬ್ರುವರಿಯಿಂದ ಸೀಸ ಇಲ್ಲದ ಪೆಟ್ರೋಲ್ ಮಾತ್ರ ಮಾರಬೇಕು ಅಂತ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಚೆನ್ನಾಗಿರುವ ಜಾಲಿ ಹೊಗೆಯನ್ನು ತಡೆಯುವುದು ಬಹಳ ಕಡಿಮೆ. ಅದನ್ನು ಒಡೆದರೆ 150 ಸಿಸಿ ಗಾಡಿಗೆ ಸಿಗುವ ಲಾಭ ನಿಮ್ಮ ಕೈಗೆ ಗೊತ್ತೇ ಆಗುವುದಿಲ್ಲ. ಆದರೆ ಕಟ್ಟಿಕೊಂಡ ಜಾಲಿ ಬೇರೆ ಮಾತು. ಇಂಜಿನ್ ಆಯಿಲ್ ಸುಡುತ್ತಿದ್ದರೆ ಅದರ ಬೂದಿ ಜಾಲಿಯ ಮೇಲೆ ಕೂರುತ್ತದೆ. ಪ್ಲಗ್ ಮಿಸ್ ಹೊಡೆಯುತ್ತಿದ್ದರೆ ಹಸಿ ಪೆಟ್ರೋಲ್ ಬಂದು ಜಾಲಿಯ ಮೇಲೇ ಉರಿಯುತ್ತದೆ, ಜಾಲಿ ಕರಗಿ ಗಂಟು ಕಟ್ಟುತ್ತದೆ. ಆಮೇಲೆ ಹೊಗೆಗೆ ದಾರಿ ಇಲ್ಲ. ಸಣ್ಣ ವೇಗದಲ್ಲಿ ಗೊತ್ತಾಗಲ್ಲ, ಜೋರು ಹೋದಾಗ ಉಸಿರು ಕಟ್ಟುತ್ತದೆ.

ಪರೀಕ್ಷೆ ಹೀಗೆ. ಸೈಲೆನ್ಸರ್ ಬಿಚ್ಚಿ ಅಲ್ಲಾಡಿಸಿ. ಒಳಗೆ ಡಬ್ಬಿಯಲ್ಲಿ ಕಲ್ಲು ಹಾಕಿದ ಹಾಗೆ ಸದ್ದು ಬಂದರೆ ಜಾಲಿ ಮುರಿದಿದೆ. ಜಾಲಿ ಬೆಂಡ್ ಪೈಪಿನ ಕಡೆ ಇರುವ ಗಾಡಿಯಾದರೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಆದರೆ ಜಾಲಿಯನ್ನು ದೂರುವ ಮೊದಲು ಏರ್ ಫಿಲ್ಟರ್ ನೋಡಿರಬೇಕು. ನೀವು ದಿನಾ ಹೋಗುವ ದಾರಿ ನನಗೆ ಗೊತ್ತು. ಮಳಖೇಡದ ಸುತ್ತ ಸಿಮೆಂಟ್ ಲಾರಿಗಳ ಹಿಂದೆ ಬಿದ್ದರೆ ಅಂಗಿಯ ಬಣ್ಣವೇ ಬದಲಾಗುತ್ತದೆ. ಅಂಥ ರಸ್ತೆಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ನಡೆಯಲ್ಲ. ಅದರ ಅರ್ಧಕ್ಕೇ ಫಿಲ್ಟರ್ ತೆಗೆಯಿರಿ. ಸುಣ್ಣದ ಪುಡಿಗೆ ತೇವ ಸೇರಿ ಫಿಲ್ಟರ್ ಮೇಲೆ ಗಾರೆಯ ಹಾಗೆ ಗಟ್ಟಿಯಾಗಿದ್ದನ್ನು ನಾನು ಕೈಯಾರೆ ಕೆರೆದು ತೆಗೆದಿದ್ದೇನೆ. ಆ ಗಾಡಿಯೂ 60 ದಾಟುತ್ತಿರಲಿಲ್ಲ.

ಜಾಲಿ ನಿಜವಾಗಿ ಕಟ್ಟಿದ್ದರೆ ಕಂಪನಿಯ ಸೈಲೆನ್ಸರ್ ಹಾಕಿಸಿ. ದುಡ್ಡು ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಸೈಲೆನ್ಸರ್ ಎಷ್ಟೋ ಸಲ ಬರೀ ಖಾಲಿ ಕೊಳವೆ, ಒಳಗೆ ಲೇಪ ಇರುವುದೇ ಇಲ್ಲ. ಹೊಸದು ಹಾಕುವ ಮೊದಲು ಹಳೆಯದು ಯಾಕೆ ಕಟ್ಟಿತು ಅಂತ ಹುಡುಕಿ. ಸಾವಿರ ಕಿಲೋಮೀಟರ್‌ಗೆ ಆಯಿಲ್ ಎಷ್ಟು ಇಳಿಯುತ್ತದೆ ಅಳೆಯಿರಿ, ನೀಲಿ ಹೊಗೆ ಬರುತ್ತದಾ ನೋಡಿ. ರಿಂಗ್ ಸವೆದ ಗಾಡಿಗೆ ಹೊಸ ಸೈಲೆನ್ಸರ್ ಹಾಕಿದರೆ ಅದೂ ಕೆಲವೇ ದಿನಕ್ಕೆ ಕಟ್ಟುತ್ತದೆ.

ಒಂದು ವಿಷಯ ಇಲ್ಲೇ ಹೇಳಬೇಕು. ಆ ಲೇಪದ ಲೋಹಗಳು ಬೆಲೆಬಾಳುವಂಥವು, ಗುಜರಿಯಲ್ಲಿ ಅದಕ್ಕೆ ಗಿರಾಕಿ ಇದ್ದಾರೆ. ಯಾರಾದರೂ "ಫ್ರೀ ತೆಗೆದುಕೊಡ್ತೀನಿ" ಅಂದರೆ ಬಿಚ್ಚಿದ ಗಟ್ಟಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ನಿಮ್ಮ ಮಿಸ್ತ್ರಿ ಅಂಥವರು ಅನ್ನುತ್ತಿಲ್ಲ. ಮತ್ತೆ, ರಾಡ್ ಹಾಕಿ ಕುಟ್ಟಿ ಪುಡಿ ಮಾಡುವಾಗ ಏಳುವ ಧೂಳನ್ನು ಉಸಿರಲ್ಲಿ ಎಳೆಯುವುದು ಕುಟ್ಟುವ ಹುಡುಗ. ಅವನ ಮೂಗಿಗೆ ಒಂದು ಬಟ್ಟೆಯೂ ಇರುವುದಿಲ್ಲ.

ಮೂರನೆಯದು ಬ್ರೀದರ್ ಪೈಪ್. ಮಿಸ್ತ್ರಿ ಹೇಳಿದ್ದರಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಇದಕ್ಕೆ. ಪಿಸ್ಟನ್ ರಿಂಗ್‌ಗಳ ಪಕ್ಕದಿಂದ ಸ್ವಲ್ಪ ಹೊಗೆ ಯಾವಾಗಲೂ ಕೆಳಗೆ ಜಾರಿ ಆಯಿಲ್ ಇರುವ ಕ್ರ್ಯಾಂಕ್ ಕೇಸ್‌ಗೆ ಸೇರುತ್ತದೆ. ಅದನ್ನು ಫಿಲ್ಟರ್ ಡಬ್ಬಿಗೆ ಕಳಿಸಿ ಮತ್ತೆ ಸುಡುವುದು ಬ್ರೀದರ್ ಪೈಪಿನ ಕೆಲಸ. ಪೈಪ್ ಹೊರಗೆ ಬಿಟ್ಟರೆ ಏನಾಗುತ್ತದೆ? ಹೊಗೆ ಹೊರಗೆ ಹೋಗುತ್ತದೆ, ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಒಂದೇ ಸಿಲಿಂಡರ್ ಇರುವ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗೆ ಬಂದಾಗ ಕ್ರ್ಯಾಂಕ್ ಕೇಸ್‌ನ ಗಾಳಿ ಹೊರಗೆ ತಳ್ಳಿಸಿಕೊಳ್ಳುತ್ತದೆ, ಮೇಲೆ ಹೋದಾಗ ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ಆ ಪೈಪ್ ಉಸಿರು ಬಿಡುವುದೂ ಹೌದು, ಎಳೆಯುವುದೂ ಹೌದು. ಡಬ್ಬಿಗೆ ಸೇರಿಸಿದ್ದಾಗ ಒಳಗೆ ಬರುವುದು ಡಬ್ಬಿಯೊಳಗಿನ ಗಾಳಿ. ಹೊರಗೆ ಬಿಟ್ಟರೆ ಒಳಗೆ ಬರುವುದು ಸೇಡಂ ರಸ್ತೆಯ ಧೂಳು.

ಚಿತ್ತಾಪುರ ಕಡೆಯ ಒಬ್ಬರು ಪರಸಿ ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಗಾಡಿಯ ಬ್ರೀದರ್ ಪೈಪನ್ನು ಯಾರೋ ಚೈನ್ ಕಡೆಗೆ ತಿರುಗಿಸಿ ಬಿಟ್ಟಿದ್ದರು. ಚೈನ್‌ಗೆ ಆಯಿಲ್ ತಾನೇ ಬೀಳುತ್ತದೆ, ಅನುಕೂಲ ಅಂತ ಹೇಳಿದ್ದರಂತೆ. ಒಂದು ವರ್ಷದೊಳಗೆ ಕ್ರ್ಯಾಂಕ್ ಬೇರಿಂಗ್ ಕೂಗಲು ಶುರುವಾಯಿತು. ನಾನು ಇಂಜಿನ್ ಇಳಿಸಿ ಆಯಿಲ್ ತೆಗೆದೆ. ಬೆರಳಿಗೆ ಹಚ್ಚಿಕೊಂಡು ತಿಕ್ಕಿದರೆ ನುಣ್ಣನೆ ಮರಳಿನ ಹಾಗೆ ಕರಕರ ಅನ್ನುತ್ತಿತ್ತು. ಬೇರಿಂಗ್, ಬೋರ್, ಆಯಿಲ್ ಪಂಪ್, ಎಲ್ಲ ಹೋಗಿತ್ತು. ಅವರು ಬಿಲ್ ನೋಡಿ ಏನೂ ಮಾತಾಡಲಿಲ್ಲ, ಎರಡು ಕಂತಿನಲ್ಲಿ ಕೊಡ್ತೀನ್ರಿ ಅಂದರು. ಆ ಮುಖ ನನಗೆ ಇನ್ನೂ ನೆನಪಿದೆ. ಹಿಂದಿನ ಟೈರಿಗೆ ಆಯಿಲ್ ಸಿಡಿದು ತಿರುವಿನಲ್ಲಿ ಜಾರಿ ಬೀಳುವ ಅಪಾಯ ಇದರ ಜೊತೆಗೆ.

ಬ್ರೀದರ್‌ನಿಂದ ಡಬ್ಬಿಗೆ ಆಯಿಲ್ ಜಾಸ್ತಿ ಬರುತ್ತಿದ್ದರೆ ಆಯಿಲ್ ಅಳತೆ ಮೀರಿ ತುಂಬಿಸಿರಬಹುದು, ಇಲ್ಲವೇ ರಿಂಗ್ ಸವೆದಿರಬಹುದು. ಡಬ್ಬಿಯ ಕೆಳಗೆ ಬೆರಳುದ್ದದ ಪಾರದರ್ಶಕ ನಳಿಕೆ ಇರುತ್ತದೆ, ತುದಿಗೆ ಬಿರಡೆ. ಅದರಲ್ಲಿ ಕೊಳೆ ತುಂಬಿದ್ದರೆ ಬಿರಡೆ ತೆಗೆದು ಇಳಿಸಿ, ಮತ್ತೆ ಮುಚ್ಚಿ. ತುಂಬಾ ಜನರಿಗೆ ಅದು ಇರುವುದೇ ಗೊತ್ತಿಲ್ಲ.

ನಿಮ್ಮ ಕಾಕಾನ ಮಗನ ಗಾಡಿ ಬಿಎಸ್-4, ಅಂದರೆ ಭಾರತ್ ಸ್ಟೇಜ್ ಅನ್ನುವ ಹೊಗೆ ನಿಯಮದ ನಾಲ್ಕನೇ ಹಂತದ್ದು. ಕ್ಯಾನಿಸ್ಟರ್ ಅಂದರೆ ಇದ್ದಿಲು ತುಂಬಿದ ಡಬ್ಬಿ. ಬಿಸಿಲಿಗೆ ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿಯನ್ನು ಅದು ಹಿಡಿದಿಟ್ಟು, ಗಾಡಿ ಓಡುವಾಗ ಇಂಜಿನ್‌ಗೆ ಕೊಡುತ್ತದೆ. ಹಾಗೆ ಉಳಿಯುವುದು ಅವರದೇ ಪೆಟ್ರೋಲ್. ಕಿತ್ತುಹಾಕಿ ಪೈಪಿನ ಬಾಯಿ ತೆರೆದಿಟ್ಟರೆ ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ಕೆಡುತ್ತದೆ, ಗಾಡಿ ನಿಲ್ಲಿಸಿದ ಪಡಸಾಲೆಯಲ್ಲಿ ಪೆಟ್ರೋಲ್ ವಾಸನೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕ್ ಕಂಠದವರೆಗೆ ತುಂಬಿಸಬಾರದು ಅಂತ ಅವರಿಗೆ ಹೇಳಿ. ಉಕ್ಕಿದ ಪೆಟ್ರೋಲ್ ಕ್ಯಾನಿಸ್ಟರ್‌ಗೆ ಇಳಿದರೆ ಇದ್ದಿಲು ತೋಯ್ದು ಗಾಡಿ ಸ್ಟಾರ್ಟ್ ಆಗಲು ಕಾಡುತ್ತದೆ. ಯಾರೋ ಕ್ಯಾನಿಸ್ಟರ್ ತೆಗೆಸು ಅಂದದ್ದು ಬಹುಶಃ ಅದಕ್ಕೇ.

ಇನ್ನು ಕಾನೂನು. ನಿಮ್ಮ ಗಾಡಿ ಬಿಎಸ್-3. ಆ ನಿಯಮ ಬೈಕುಗಳಿಗೆ 2010ರ ಏಪ್ರಿಲ್‌ನಿಂದ ಬಂತು. ಕಿಲೋಮೀಟರ್‌ಗೆ ಕಾರ್ಬನ್ ಮೊನಾಕ್ಸೈಡ್ 1 ಗ್ರಾಂ ಮೀರಬಾರದು. 1996ರ ನಿಯಮದಲ್ಲಿ ಇದೇ ಮಿತಿ 4.5 ಗ್ರಾಂ ಇತ್ತು. ಇಷ್ಟು ಇಳಿಸಲು ನೆರವಾದ ಸಾಮಾನುಗಳನ್ನೇ ನೀವು ಈಗ ಬಿಚ್ಚಿಸಲು ಹೊರಟಿರುವುದು. ಪಿಯುಸಿಯಲ್ಲಿ ನಿಮ್ಮ ಗಾಡಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3.5, ಹೈಡ್ರೋಕಾರ್ಬನ್ 4,500 ಪಿಪಿಎಂ ಮಿತಿ. ಇದು ಸಾಕಷ್ಟು ಸಡಿಲ. ಸಾಮಾನು ಬಿಚ್ಚಿದ ಗಾಡಿಯೂ ಕಾರ್ಬೊರೇಟರ್ ಚೆನ್ನಾಗಿದ್ದರೆ ಪಾಸ್ ಆಗಬಹುದು. ಇದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಪಿಯುಸಿ ಪಾಸಾದರೆ ಎಲ್ಲ ಸರಿ ಅಂತ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟದ್ದನ್ನು ಮಾಲೀಕ ತನಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಹೀಗೆ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. ಹೊಗೆ ಮತ್ತು ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದರೆ 190ನೇ ಕಲಂನಲ್ಲಿ 10,000 ರೂಪಾಯಿವರೆಗೆ ದಂಡ ಇದೆ, ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. ಜಾಲಿ ಒಡೆದ ಸೈಲೆನ್ಸರ್‌ಗೆ ಸದ್ದೂ ಜಾಸ್ತಿ, ನೆನಪಿರಲಿ.

ಆರ್‌ಸಿ ವಿಷಯ ಹೇಳಿಬಿಡುತ್ತೇನೆ. 15 ವರ್ಷ ಮುಗಿಯುವ ಮೊದಲಿನ 60 ದಿನದೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಬೇಕು. ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ ತಪಾಸಣೆ ಮಾಡಿಸಬೇಕು. ಪಾಸಾದರೆ ಐದು ವರ್ಷಕ್ಕೆ ರಿನ್ಯೂ ಆಗುತ್ತದೆ. ಬೈಕಿನ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. ಪಿಯುಸಿ, ಇನ್ಶೂರೆನ್ಸ್ ಎರಡೂ ಚಾಲ್ತಿಯಲ್ಲಿರಬೇಕು. ನಿಮ್ಮಂಥ ಹಳೆ ಗಾಡಿಗೆ ಪಿಯುಸಿ ಆರು ತಿಂಗಳಿಗಷ್ಟೇ, ತಾರೀಕು ನೋಡಿಕೊಳ್ಳಿ. ಇನ್‌ಸ್ಪೆಕ್ಟರ್ ಮುಂದೆ ನಿಂತ ದಿನ ಸೈಲೆನ್ಸರ್ ಗುಡುಗುತ್ತಿದ್ದರೆ ಕಾಗದ ಎಲ್ಲ ಸರಿ ಇದ್ದೂ ವಾಪಸ್ ಬರಬೇಕಾಗುತ್ತದೆ.

"ಇಷ್ಟು ಸಿಮೆಂಟ್ ಧೂಳಿನ ನಡುವೆ ನನ್ನ ಒಂದು ಬೈಕಿನ ಹೊಗೆ ಯಾವ ಲೆಕ್ಕ?" ಅಂತ ತುಂಬಾ ಜನ ನನ್ನನ್ನು ಕೇಳಿದ್ದಾರೆ. ಕೇಂದ್ರ ಸರ್ಕಾರ ಗಾಳಿ ಕೆಟ್ಟಿದೆ ಅಂತ ಗುರುತಿಸಿ 2019ರಲ್ಲಿ ಶುದ್ಧ ಗಾಳಿ ಯೋಜನೆಗೆ ಸೇರಿಸಿದ ನಗರಗಳಲ್ಲಿ ಕಲಬುರಗಿಯೂ ಇದೆ. ಅಲ್ಲಿ ಮುಖ್ಯ ಲೆಕ್ಕ ಧೂಳಿನದು. ಬೈಕ್ ಉಗುಳುವುದು ಬೇರೆ ವಿಷ, ಅದು ಹೋಗುವುದು ಹತ್ತಿರ ಇರುವವರ ಮೂಗಿಗೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಚಳಿಗಾಲದ ಬೆಳಿಗ್ಗೆ ನನ್ನ ಗ್ಯಾರೇಜಿನಲ್ಲಿ ಶಟರ್ ಅರ್ಧ ಇಳಿಸಿ ಗಾಡಿ ಟ್ಯೂನಿಂಗ್ ಮಾಡುತ್ತಿದ್ದೆವು. ಜಾಲಿ ಒಡೆದ ಗಾಡಿ ಅದು. ಸೈಲೆನ್ಸರ್ ಹಿಂದೆ ಕೂತಿದ್ದ 16 ವರ್ಷದ ಹುಡುಗ ತಲೆ ನೋವು ಅಂದ, ಆಮೇಲೆ ಕೂತಲ್ಲೇ ವಾಲಿದ. ಹೊರಗೆ ಎತ್ತಿಕೊಂಡು ಬಂದು ಗಾಳಿಗೆ ಮಲಗಿಸಿದೆವು, ಆಸ್ಪತ್ರೆಗೆ ಒಯ್ದೆವು. ಉಳಿದುಕೊಂಡ. ಈಗ ಅವನಿಗೇ ಸ್ವಂತ ಗ್ಯಾರೇಜ್ ಇದೆ. ಯಾವ ಗಾಡಿಯಾದರೂ ಸರಿ, ಜಾಲಿ ಇರಲಿ ಬಿಡಲಿ, ಮುಚ್ಚಿದ ಜಾಗದಲ್ಲಿ ಸ್ಟಾರ್ಟ್ ಮಾಡಿ ಬಿಡಬೇಡಿ. ಮನೆಯ ಪಡಸಾಲೆಯಲ್ಲಿ ಗಾಡಿ ಇಡುವವರೂ ಹೊರಗೆ ತಳ್ಳಿಕೊಂಡು ಬಂದೇ ಸ್ಟಾರ್ಟ್ ಮಾಡಿ. ಹಿಂದೆ ಕೂರುವ ಮಕ್ಕಳು, ಸಿಗ್ನಲ್‌ನಲ್ಲಿ ನಿಮ್ಮ ಸೈಲೆನ್ಸರ್ ಎತ್ತರಕ್ಕೇ ಮುಖ ಇಟ್ಟು ಹೂವು ಮಾರುವವರು, ನನಗೆ ಈ ವಿಷಯ ಬಂದಾಗ ಇವರೇ ಕಣ್ಣ ಮುಂದೆ ಬರುತ್ತಾರೆ.

ಕೆಲಸ ಯಾವ ಕ್ರಮದಲ್ಲಿ ಮಾಡಿಸಬೇಕು ಅಂದರೆ, ಮೊದಲು ಏರ್ ಫಿಲ್ಟರ್ ಮತ್ತು ಪ್ಲಗ್. ಆಮೇಲೆ ಸಣ್ಣ ವ್ಯಾಕ್ಯೂಮ್ ಪೈಪ್, ಏರ್ ಪೈಪ್, ರೀಡ್ ವಾಲ್ವ್. ಇಲ್ಲಿಗೇ ಅರ್ಧ ತೊಂದರೆ ಹೋಗಬೇಕು. ಎರಡು ದಿನ ಓಡಿಸಿ ನೋಡಿ. ಇನ್ನೂ ಹೊಡೆದರೆ ಪ್ಯಾಕಿಂಗ್, ಮ್ಯಾನಿಫೋಲ್ಡ್ ರಬ್ಬರ್, ಟ್ಯಾಪೆಟ್. ಕಾರ್ಬೊರೇಟರ್ ಬಿಚ್ಚಿ ಪೈಲಟ್ ಜೆಟ್ ಸ್ವಚ್ಛ ಮಾಡುವುದು ಅದರ ನಂತರ. ಜೆಟ್ ತೂತಿಗೆ ಸೂಜಿ, ತಂತಿ ಹಾಕಿಸಬೇಡಿ, ತೂತು ದೊಡ್ಡದಾದರೆ ಆ ಜೆಟ್ ಕೆಲಸಕ್ಕೆ ಬರಲ್ಲ. ಪೆಟ್ರೋಲ್ ಪೈಪೂ ಹಳೆಯದಾದರೆ ಬದಲಿಸಿ, ಎಥನಾಲ್‌ಗೆ ಹಳೆ ರಬ್ಬರ್ ಊದಿಕೊಳ್ಳುತ್ತದೆ. ಇಷ್ಟಾದ ಮೇಲೂ 60 ದಾಟದಿದ್ದರೆ ಮಾತ್ರ ಸೈಲೆನ್ಸರ್ ಬಿಚ್ಚಿ.

ಅದನ್ನು ಬಿಚ್ಚುವ ಹಿಂದಿನ ರಾತ್ರಿ ಬೆಂಡ್ ಪೈಪಿನ ಎರಡು ನಟ್‌ಗೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಆಯಿಲ್ ಹಾಕಿ ಬಿಡಿ. ಬೆಳಿಗ್ಗೆ ತಣ್ಣಗಿರುವಾಗ ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್, ಮತ್ತೆ ಅರ್ಧ ಸುತ್ತು, ಹೀಗೆ ತೆಗೆಯಿರಿ. 15 ವರ್ಷ ಮಳೆ ಬಿಸಿಲು ಕಂಡ ಸ್ಟಡ್ ಒಂದೇ ಏಟಿಗೆ ಎಳೆದರೆ ಹೆಡ್‌ನೊಳಗೇ ಮುರಿಯುತ್ತದೆ. ಆಮೇಲೆ ಹೆಡ್ ಇಳಿಸಿ ಲೇತ್ ಅಂಗಡಿಗೆ ಒಯ್ಯಬೇಕಾಗುತ್ತದೆ. ಹೊಸ ಪ್ಯಾಕಿಂಗ್ ಮೊದಲೇ ತಂದಿಟ್ಟುಕೊಳ್ಳಿ, ಹಳೆಯದನ್ನು ಮತ್ತೆ ಹಾಕಬೇಡಿ.